ಬಾಣಲೆಯ ಎಣ್ಣೆಯೂ ನಮ್ಮ ಪಗಾರವೂ

ಹಿಂದೆ ಹೋಟೆಲಿನ ಬಾಣಲೆಯಲ್ಲಿ ಶೇಂಗಾ ಎಣ್ಣೆ ಕಾಯುತ್ತಿತ್ತು. ಇಂದು ಬಹಳ ಕಡೆ ತಾಳೆ ಎಣ್ಣೆ. ಅದು ಅಗ್ಗ, ಬೇಗ ಕೆಡದು, ವಾಸನೆಯೂ ಇಲ್ಲ. ಗಿರಾಕಿಯ ಬೇಡಿಕೆ ಬದಲಾಯಿತೆಂದು ವ್ಯಾಪಾರಿಗಳು ಹೇಳುತ್ತಾರೆ. ಗಿರಾಕಿ ಕೇಳಿದ್ದು ಕೈಗೆಟಕುವ ವಡೆಯನ್ನು. ಎಣ್ಣೆಯನ್ನು ಆರಿಸಿದವರು ಬೇರೆ.

ದೇಶಕ್ಕೆ ಬೇಕಾದ ಅಡಿಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತದೆ. ತಾಳೆ ಎಣ್ಣೆ ಮುಖ್ಯವಾಗಿ ಇಂಡೋನೇಷ್ಯಾ, ಮಲೇಷ್ಯಾಗಳದು. 2022ರ ಫೆಬ್ರವರಿಯಲ್ಲಿ ಯುದ್ಧದಿಂದ ಉಕ್ರೇನಿನ ಸೂರ್ಯಕಾಂತಿ ಎಣ್ಣೆಗೆ ತಡೆಯಾಯಿತು. ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನೇ ಕೆಲವು ವಾರ ನಿಲ್ಲಿಸಿತು. ಡಬ್ಬದ ಬೆಲೆ ಏರಿತು, ತಿಂಡಿಯ ದರ ಏರಿತು. ಪಗಾರ ಮಾತ್ರ ಇದ್ದಲ್ಲೇ ಇತ್ತು. ಮುಂದೆ ಎಣ್ಣೆ ಇಳಿದರೂ ತಿಂಡಿಯ ದರ ಇಳಿದದ್ದನ್ನು ನಾವು ಕಾಣಲಿಲ್ಲ.

ಎಣ್ಣೆ ತುಟ್ಟಿಯಾದಾಗ ಹಳೆಯದನ್ನೇ ಮತ್ತೆ ಮತ್ತೆ ಕಾಯಿಸುವ ಚಾಳಿ ಬೆಳೆಯುತ್ತದೆ. ಅದರ ಹೊಗೆ ಕುಡಿಯುವವರು ಒಲೆಯ ಮುಂದಿನ ನಾವು. ಅದರಲ್ಲಿ ಕರಿದದ್ದನ್ನು ತಿನ್ನುವವರು ಪಾಳಿ ಮುಗಿಸಿ ಬರುವ ನಮ್ಮಂಥ ದುಡಿಮೆಗಾರರೇ. ಕಾದು ಕಾದು ಕೆಟ್ಟ ಅಂಶ ಶೇಕಡಾ 25 ಮೀರಿದ ಎಣ್ಣೆಯನ್ನು ಬಳಸಕೂಡದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಆದರೆ ಒಲೆಯ ಮುಂದಿನವನಿಗೆ ಎಣ್ಣೆ ಬದಲಿಸುವ ಅಧಿಕಾರವಿಲ್ಲದೆ ನಿಯಮ ಬಾಣಲೆಗೆ ಇಳಿಯದು.

ಆದುದರಿಂದ ನಮ್ಮ ಬೇಡಿಕೆ ಎರಡು. ಕೆಟ್ಟ ಎಣ್ಣೆಯನ್ನು ತೆಗೆದಿಟ್ಟ ಕೆಲಸಗಾರನ ಮೇಲೆ ಯಾರೂ ಕೈ ಮಾಡಬಾರದು, ಕೆಲಸಕ್ಕೂ ಕುತ್ತು ಬರಬಾರದು. ತಿಂಡಿಯ ದರ ಏರಿದ ದಿನವೇ ಪಗಾರದ ಮಾತೂ ಆಗಬೇಕು. ತಿನ್ನಲು ಬರುವ ಬಂಧುಗಳೇ, ಎಣ್ಣೆ ಯಾವುದು, ಎಂದು ಹಾಕಿದ್ದೆಂದು ಗಲ್ಲೆಯಲ್ಲಿ ಕೇಳಿರಿ. ಒಳಗಿನಿಂದ ನಾವು, ಹೊರಗಿನಿಂದ ನೀವು ಕೇಳಿದರೆ ಉತ್ತರ ಕೊಡದೆ ವಿಧಿಯಿಲ್ಲ.