ಮೊಣಕೈ ನೋವೂ ಕಾಕತಾಳೀಯ ನ್ಯಾಯವೂ

ತಾಳೆಯ ಮರದ ಮೇಲೆ ಕಾಗೆ ಬಂದು ಕುಳಿತ ಕ್ಷಣದಲ್ಲಿಯೇ ಹಣ್ಣು ಕಳಚಿ ಬಿದ್ದರೆ, ಕಾಗೆಯೇ ಅದನ್ನು ಕೆಡವಿತೆಂದು ನೋಡಿದವರು ನಂಬುತ್ತಾರೆ. ಇದನ್ನೇ ನಮ್ಮ ಹಿರಿಯರು ಕಾಕತಾಳೀಯ ನ್ಯಾಯವೆಂದು ಕರೆದರು. ಭೌತಶಾಸ್ತ್ರವನ್ನು ಬೋಧಿಸುವ ನಾವು ಈ ಬಲೆಗೆ ಬೀಳಲಾರೆವೆಂದು ಭಾವಿಸಿದ್ದೆವು. ಆ ಭ್ರಮೆಯನ್ನು ಕಳೆದದ್ದು ಒಂದು ಮೊಣಕೈ ನೋವು.

ಕೆಲವು ವರ್ಷಗಳ ಹಿಂದೆ, ಮನೆ ಬದಲಾಯಿಸುವಾಗ ಪುಸ್ತಕದ ಪೆಟ್ಟಿಗೆಗಳನ್ನು ಎತ್ತಿಳಿಸಿದ ಮೇಲೆ, ನಮ್ಮ ಬಲ ಮೊಣಕೈಯ ಹೊರಬದಿಯಲ್ಲಿ ನೋವು ಕಾಣಿಸಿಕೊಂಡಿತು. ಸೀಮೆಸುಣ್ಣ ಹಿಡಿದು ಬರೆಯುವುದೂ ಕಷ್ಟವಾಯಿತು. ವೈದ್ಯರು ಇದಕ್ಕೆ ‘ಟೆನಿಸ್ ಎಲ್ಬೋ’ ಎಂದು ಹೆಸರು ಹೇಳಿದರು. 2004ರಲ್ಲಿ ಸಚಿನ್ ತೆಂಡೂಲ್ಕರರನ್ನು ಆಟದಿಂದ ದೂರವಿಟ್ಟ ಈ ಬೇನೆ ಆಟಗಾರರ ಸೊತ್ತೇನೂ ಅಲ್ಲ. ಬಟ್ಟೆ ಹಿಂಡುವ ಗೃಹಿಣಿ, ಕರಣೆ ಹಿಡಿಯುವ ಗಾರೆಯವನು, ಉಳಿ ಹಿಡಿಯುವ ಬಡಗಿ, ಇವರಿಗೂ ಇದು ಬರುತ್ತದೆ. ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುವ ಸ್ನಾಯುಗಳು ಮೊಣಕೈಯ ಹೊರಬದಿಯ ಮೂಳೆಯ ಉಬ್ಬಿಗೆ ಸ್ನಾಯುರಜ್ಜುವಿನ ಮೂಲಕ ಅಂಟಿಕೊಂಡಿವೆ. ಸನ್ನೆಗೋಲಿನ ನಿಯಮವನ್ನು ಕಲಿತವರಿಗೆ ಇದರ ಕಷ್ಟ ಸುಲಭವಾಗಿ ತಿಳಿಯುತ್ತದೆ: ಭಾರವಿರುವುದು ಮಣಿಕಟ್ಟಿನಿಂದ ದೂರದಲ್ಲಿ, ಸ್ನಾಯು ಎಳೆಯುವುದು ಮಣಿಕಟ್ಟಿಗೆ ತೀರ ಹತ್ತಿರದಲ್ಲಿ. ಆದ್ದರಿಂದ ರಜ್ಜುವಿನ ಮೇಲಿನ ಸೆಳೆತ, ಎತ್ತಿದ ಭಾರದ ಹಲವು ಪಟ್ಟು ಆಗುತ್ತದೆ.

ನಮಗೆ ಹತ್ತು ದಿನ ಶ್ರವಣಾತೀತ ಧ್ವನಿಯ ಚಿಕಿತ್ಸೆ ನಡೆಯಿತು. ಸೆಕೆಂಡಿಗೆ 10 ಲಕ್ಷ ಕಂಪನಗಳು. ಮಾಂಸದೊಳಗೆ ತರಂಗದೂರ ಸುಮಾರು ಒಂದೂವರೆ ಮಿಲಿಮೀಟರು. ಮುಂದಿನ ಎರಡು ತಿಂಗಳಲ್ಲಿ ನೋವು ಇಳಿಯಿತು. ತರಗತಿಯಲ್ಲಿ ನಾವು ಇದನ್ನು ಭೌತಶಾಸ್ತ್ರದ ವಿಜಯವೆಂದು ವರ್ಣಿಸಿದೆವು. ಆಗ ಹಿಂದಿನ ಬೆಂಚಿನಿಂದ ವಿದ್ಯಾರ್ಥಿನಿಯೊಬ್ಬಳು ಎದ್ದು, “ಸಾರ್, ಯಂತ್ರದ ಸ್ವಿಚ್ಚನ್ನೇ ಹಾಕದೆ ಸುಮ್ಮನೆ ಕೈಮೇಲೆ ಆಡಿಸಿದ್ದರೆ ವಾಸಿಯಾಗುತ್ತಿರಲಿಲ್ಲವೆ?” ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಪ್ರಯೋಗವನ್ನು ಬ್ರಿಟನ್ನಿನ ವೈದ್ಯರು ಮಾಡಿಯೇ ಇದ್ದರೆಂಬುದು ಅನಂತರ ತಿಳಿಯಿತು. 1985ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ, ನಿಜವಾದ ಧ್ವನಿಯನ್ನು ಪಡೆದವರಲ್ಲಿ ಶೇಕಡಾ 63 ಮಂದಿ ಸುಧಾರಿಸಿದರು. ಧ್ವನಿಯಿಲ್ಲದ ಯಂತ್ರದ ಸೋಗಿನ ಚಿಕಿತ್ಸೆಯನ್ನು ಪಡೆದವರಲ್ಲಿಯೂ ಶೇಕಡಾ 29 ಮಂದಿ ಸುಧಾರಿಸಿದರು. 2006ರ ಇನ್ನೊಂದು ಪರೀಕ್ಷೆಯಲ್ಲಿ ಕಡಿಮೆ ತೀವ್ರತೆಯ ಧ್ವನಿಗೆ ಸೋಗಿಗಿಂತ ಯಾವ ಮೇಲುಗೈಯೂ ಕಾಣಲಿಲ್ಲ. ಆಘಾತ ತರಂಗದ ಕಥೆಯೂ ಬೋಧಪ್ರದವಾದುದೇ. 1980ರಲ್ಲಿ ಮ್ಯೂನಿಕ್ ನಗರದಲ್ಲಿ ಮೂತ್ರಪಿಂಡದ ಕಲ್ಲನ್ನು ಮೊದಲ ಬಾರಿಗೆ ಪುಡಿಮಾಡಿದ ಈ ತರಂಗವನ್ನು ಮೊಣಕೈಗೂ ತಂದರು. ಆದರೆ 2005ರಲ್ಲಿ ಸುಮಾರು ಒಂದು ಸಾವಿರ ರೋಗಿಗಳನ್ನೊಳಗೊಂಡ ಒಂಬತ್ತು ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಅದರಿಂದ ಹೆಚ್ಚಿನ ಪ್ರಯೋಜನವಿಲ್ಲವೆಂಬ ತೀರ್ಮಾನ ಬಂದಿತು. ಲೇಸರಿನಲ್ಲಿ 904 ನ್ಯಾನೋಮೀಟರಿನ ಕಿರಣ ಸ್ವಲ್ಪ ಕಾಲ ಉಪಶಮನ ಕೊಡಬಹುದೆಂದು 2008ರ ಒಂದು ಸಮೀಕ್ಷೆ ಹೇಳುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದೂ ಹೇಳಲಿಲ್ಲ.

ಎಲ್ಲಕ್ಕಿಂತ ನಮ್ಮ ಕಣ್ಣು ತೆರೆಯಿಸಿದುದು 2002ರಲ್ಲಿ ಪ್ರಕಟವಾದ ಹಾಲೆಂಡಿನ ಪರೀಕ್ಷೆ. ಅಲ್ಲಿ 185 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸ್ಟೀರಾಯ್ಡ್ ಚುಚ್ಚುಮದ್ದು. ಇನ್ನೊಂದಕ್ಕೆ ಶ್ರವಣಾತೀತ ಧ್ವನಿ, ಅಂಗಮರ್ದನ ಮತ್ತು ವ್ಯಾಯಾಮ. ಮೂರನೆಯದಕ್ಕೆ ಬರಿಯ ಸಲಹೆ ಮತ್ತು ತಾಳ್ಮೆ. ಆರು ವಾರಗಳಲ್ಲಿ ಗುಣಕಂಡವರು ಕ್ರಮವಾಗಿ ಶೇಕಡಾ 92, 47, 32. ಪರೀಕ್ಷೆ ಅಲ್ಲಿಗೇ ನಿಂತಿದ್ದರೆ ಚುಚ್ಚುಮದ್ದೇ ಗೆದ್ದಿತೆಂದು ಸಾರುತ್ತಿದ್ದೆವು. ಒಂದು ವರ್ಷದ ಕೊನೆಯಲ್ಲಿ ಅಂಕಿಗಳು 69, 91, 83! ಮೊದಲು ಓಡಿದವನೇ ಹಿಂದೆ ಬಿದ್ದಿದ್ದನು. ಏನನ್ನೂ ಮಾಡಿಸಿಕೊಳ್ಳದವರು ಅಂಗಮರ್ದನ ಪಡೆದವರ ಸಮೀಪಕ್ಕೆ ಬಂದಿದ್ದರು. 2006ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಿಂದ ಬಂದ ಫಲಿತಾಂಶವೂ ಇದನ್ನೇ ಹೋಲುತ್ತದೆ. ಕೈಚಿಕಿತ್ಸೆ ಮತ್ತು ವ್ಯಾಯಾಮಗಳನ್ನು ಕೂಡಿಸಿದಾಗ ಆರು ವಾರಗಳಲ್ಲಿ ಕಾಯುವುದಕ್ಕಿಂತ ಹೆಚ್ಚು ಗುಣ ಕಂಡಿತು. ವರ್ಷ ತುಂಬುವಷ್ಟರಲ್ಲಿ ಆ ಅಂತರ ಅಳಿಸಿಹೋಯಿತು.

ಇದರಿಂದ ನಾವು ತಳೆದಿರುವ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಈ ಬೇನೆ ಬಹುಮಟ್ಟಿಗೆ ತಾನಾಗಿಯೇ ಇಳಿಯತಕ್ಕದ್ದು. ಮುಂಗೈಯನ್ನು ಮೇಜಿನ ಮೇಲಿರಿಸಿ, ಅಂಗೈ ಕೆಳಮುಖವಾಗಿರುವಂತೆ ಹಗುರವಾದ ತೂಕವನ್ನು ಹಿಡಿದು, ಮಣಿಕಟ್ಟನ್ನು ನಿಧಾನವಾಗಿ ಇಳಿಸುವ ಸರಳ ವ್ಯಾಯಾಮಕ್ಕೇ ಮೊದಲ ಸ್ಥಾನ ಸಲ್ಲಬೇಕು. ಇದಕ್ಕೆ ವಿದ್ಯುತ್ತೂ ಬೇಡ, ಹೆಚ್ಚಿನ ಹಣವೂ ಬೇಡ. ಇದನ್ನು ತಿಳಿಸದೆ, ದಿನಗೂಲಿಯಿಂದ ಬದುಕುವ ಗಾರೆಯವನನ್ನು ಹತ್ತು ದಿನ ಯಂತ್ರದ ಮುಂದೆ ಕೂರಿಸುವುದು ನ್ಯಾಯವಲ್ಲ. ವೈದ್ಯರ ಬಳಿಗೆ ಹೋಗಬಾರದೆಂದು ನಾವು ಹೇಳುತ್ತಿಲ್ಲ. ಬೆರಳುಗಳು ಜೋಮು ಹಿಡಿದರೆ, ಬಿದ್ದು ಪೆಟ್ಟಾಗಿ ಕೈ ಊದಿಕೊಂಡರೆ ಕೂಡಲೇ ಹೋಗಲೇಬೇಕು. ನೋವು ಇಂಥದೇ ಎಂದು ನಿರ್ಧರಿಸಬೇಕಾದವರೂ ಅವರೇ.

ಯಂತ್ರದೊಳಗಿನ ಭೌತಶಾಸ್ತ್ರ ಸರಿಯಾಗಿದ್ದ ಮಾತ್ರಕ್ಕೆ ಅದು ರೋಗವನ್ನು ಗುಣಪಡಿಸುತ್ತದೆಂದು ಸಿದ್ಧವಾಗುವುದಿಲ್ಲ. ಯಾವ ಚಿಕಿತ್ಸೆಯನ್ನಾದರೂ ಯಾರಾದರೂ ಹೊಗಳಿದಾಗ ವಿದ್ಯಾರ್ಥಿಮಿತ್ರರು ಎರಡು ಪ್ರಶ್ನೆಗಳನ್ನು ಕೇಳಲಿ: ಯಾವುದರೊಡನೆ ಹೋಲಿಸಿದಿರಿ? ಎಷ್ಟು ಕಾಲ ಕಾದು ನೋಡಿದಿರಿ? ಹೊಗಳುತ್ತಿರುವವರು ತಮ್ಮ ಅಧ್ಯಾಪಕರೇ ಆಗಿದ್ದರೂ ಸಂಕೋಚಪಡಬೇಕಾಗಿಲ್ಲ. ಹಿಂದಿನ ಬೆಂಚಿನ ಆ ಹುಡುಗಿಗೆ ನಾವು ಇಂದಿಗೂ ಕೃತಜ್ಞರು.