ಗುತ್ತಿಗೆಯ ಮನೆ, ಕ್ರಯದ ಹಕ್ಕು

ಬೆಂಗಳೂರಿನಲ್ಲಿ ಸ್ವಂತ ಮನೆಯಿಲ್ಲದ ಗೃಹಸ್ಥನೊಬ್ಬನು ವರ್ಷಗಟ್ಟಲೆ ಅರ್ಜಿ ಹಾಕುತ್ತ ಬಂದು, ಕೊನೆಗೊಂದು ದಿನ ಅಭಿವೃದ್ಧಿ ಪ್ರಾಧಿಕಾರದ ಹಂಚಿಕೆ ಪತ್ರವನ್ನು ಕೈಯಲ್ಲಿ ಹಿಡಿದು, ನಿವೇಶನದ ಪೂರ್ಣ ಮೌಲ್ಯವನ್ನು ಕಟ್ಟಿ, ಸ್ವಾಧೀನ ಪತ್ರವನ್ನೂ ಪಡೆದ ಮೇಲೆ, ಆ ನೆಲಕ್ಕೆ ತಾನೇ ಒಡೆಯನೆಂದು ಭಾವಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಹಣ ಸಂದಿದೆ, ಖಾತೆ ತನ್ನ ಹೆಸರಿನಲ್ಲಿದೆ, ಕಂದಾಯದ ರಸೀದಿಯೂ ತನ್ನ ಹೆಸರಿಗೇ ಬರುತ್ತದೆ. ಆದರೂ ಕಾನೂನಿನ ದೃಷ್ಟಿಯಲ್ಲಿ ಅವನು ಇನ್ನೂ ಒಡೆಯನಲ್ಲ, ಗುತ್ತಿಗೆದಾರ ಮಾತ್ರ. ಈ ಒಂದು ಅಂಶವನ್ನು ಅರಿಯದೆಯೋ, ಅರಿತೂ ಲಕ್ಷಿಸದೆಯೋ ನಡೆದ ಕೊಡುಕೊಳ್ಳುವಿಕೆಗಳಿಂದ ಎಷ್ಟೋ ಸಂಸಾರಗಳು ಜೀವಮಾನದ ಉಳಿತಾಯವನ್ನು ಕಾಗದದ ಕಟ್ಟೊಂದಕ್ಕೆ ಒಪ್ಪಿಸಿ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾಗಿ ಬಂದಿರುವುದರಿಂದ, ಈ ವಿಷಯವನ್ನು ಕೊಂಚ ಸಾವಧಾನವಾಗಿ ವಿಚಾರಮಾಡುವುದು ಅವಶ್ಯವೆಂದು ತೋರುತ್ತದೆ.

1945ರ ಶಾಸನದಂತೆ ರೂಪುಗೊಂಡ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯ ಉತ್ತರಾಧಿಕಾರಿಯಾಗಿ, 1976ರ ಅಧಿನಿಯಮದಿಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಅಸ್ತಿತ್ವಕ್ಕೆ ಬಂದಿತು. ಅದರ 1984ರ ನಿವೇಶನ ಹಂಚಿಕೆ ನಿಯಮಗಳ ಪ್ರಕಾರ, ಸಾಮಾನ್ಯ ಅರ್ಜಿದಾರನಿಗೆ ನಿವೇಶನವನ್ನು ಮೊದಲಿಗೇ ಕ್ರಯಕ್ಕೆ ಕೊಡುವುದಿಲ್ಲ. ಜನರು ಆಡುಮಾತಿನಲ್ಲಿ ‘ಲೀಸ್ ಕಂ ಸೇಲ್’ ಎನ್ನುವ ಗುತ್ತಿಗೆ ಹಾಗೂ ಮಾರಾಟದ ಕರಾರನ್ನು ನೋಂದಾಯಿಸಿ, ಹತ್ತು ವರ್ಷಗಳ ಗುತ್ತಿಗೆಯ ಮೇಲೆ ಅದನ್ನು ವಹಿಸಿಕೊಡಲಾಗುತ್ತದೆ. ಆ ಅವಧಿಯಲ್ಲಿ ಗೃಹಸ್ಥನು ನಿಗದಿಯಾದ ಕಾಲದೊಳಗೆ ಮನೆಯನ್ನು ಕಟ್ಟತಕ್ಕದ್ದು. ಸಾಲಕ್ಕಾಗಿ ಬ್ಯಾಂಕು ಮೊದಲಾದ ಸಂಸ್ಥೆಗಳಿಗೆ ಅಡಮಾನ ಮಾಡುವುದರ ಹೊರತು ನಿವೇಶನವನ್ನಾಗಲಿ ಅದರ ಮೇಲಿನ ಕಟ್ಟಡವನ್ನಾಗಲಿ ಪರಭಾರೆ ಮಾಡಕೂಡದು. ಷರತ್ತುಗಳೆಲ್ಲ ನೆರವೇರಿ ಅವಧಿ ಮುಗಿದ ತರುವಾಯ ಪ್ರಾಧಿಕಾರವು ಕ್ರಯಪತ್ರವನ್ನು ಬರೆದುಕೊಡುತ್ತದೆ. ಅಂದಿನಿಂದಲೇ ಅವನು ನಿಜವಾದ ಅರ್ಥದಲ್ಲಿ ಒಡೆಯ.

ಈ ನಿರ್ಬಂಧವು ಅಧಿಕಾರದ ದರ್ಪದಿಂದ ಹುಟ್ಟಿದ್ದಲ್ಲ. ಸಾರ್ವಜನಿಕ ಉದ್ದೇಶಕ್ಕೆಂದು ರೈತನ ಹೊಲವನ್ನು ಸ್ವಾಧೀನಪಡಿಸಿಕೊಂಡು, ರಸ್ತೆ ಚರಂಡಿಗಳನ್ನು ನಿರ್ಮಿಸಿ, ಪೇಟೆಯ ದರಕ್ಕಿಂತ ಕಡಿಮೆ ಮೌಲ್ಯಕ್ಕೆ ಕೊಡುವ ನೆಲವು, ನಗರದಲ್ಲಿ ತನಗಾಗಲಿ ತನ್ನ ಅವಲಂಬಿತರಿಗಾಗಲಿ ಬೇರೆ ಮನೆಯಿಲ್ಲವೆಂದು ಪ್ರಮಾಣ ಮಾಡಿದವನ ವಾಸಕ್ಕೆ ಒದಗಬೇಕೇ ಹೊರತು, ಇಂದು ಪಡೆದು ನಾಳೆ ಮಾರಿ ಲಾಭ ಗಳಿಸುವವನ ಬಂಡವಾಳವಾಗಬಾರದು ಎಂಬುದೇ ಇದರ ಹಿಂದಿನ ತತ್ತ್ವ. ಪೈಪೋಟಿಯ ಬೆಲೆ ತೆತ್ತು ಹರಾಜಿನಲ್ಲಿ ಮೂಲೆ ನಿವೇಶನವನ್ನು ಕೊಂಡವನಿಗೆ ಈ ಹತ್ತು ವರ್ಷಗಳ ಕಟ್ಟಿಲ್ಲವೆಂಬುದನ್ನು ನೋಡಿದರೆ ಆ ತತ್ತ್ವವು ಇನ್ನೂ ಸ್ಪಷ್ಟವಾಗುತ್ತದೆ.

ಆದರೆ ತತ್ತ್ವವನ್ನು ತಪ್ಪಿಸುವ ದಾರಿಯನ್ನು ನಾವು ಬಹುಬೇಗ ಕಂಡುಕೊಂಡೆವು. ಗುತ್ತಿಗೆಯ ಅವಧಿಯಲ್ಲಿಯೇ ಮಾರಬಯಸುವವನ ಮನೆಯಲ್ಲಿ ಒಂದು ದಿನ ನಾಲ್ಕಾರು ಛಾಪಾ ಕಾಗದಗಳು ಒಟ್ಟಿಗೆ ಸಿದ್ಧವಾಗುತ್ತವೆ. ಮೊದಲನೆಯದು ಕ್ರಯದ ಕರಾರು, ಎರಡನೆಯದು ಜಿ.ಪಿ.ಎ. ಎಂದು ಮನೆಮಾತಾಗಿರುವ ಅಧಿಕಾರಪತ್ರ, ಮೂರನೆಯದು ಕೊಳ್ಳುವವನ ಹೆಸರಿಗೆ ಬರೆದ ಮರಣಶಾಸನ, ನಾಲ್ಕನೆಯದು ಪೂರ್ಣ ಹಣ ಮುಟ್ಟಿತೆಂಬ ಪ್ರಮಾಣಪತ್ರ. ಇವುಗಳೊಡನೆ ಮೂಲ ಹಂಚಿಕೆ ಪತ್ರವೂ ಮನೆಯ ಬೀಗದ ಕೈಯೂ ಹಸ್ತಾಂತರವಾಗುತ್ತವೆ. ‘ಹತ್ತು ವರ್ಷ ತುಂಬಿದ ಮೇಲೆ ಕ್ರಯಪತ್ರ ತೆಗೆಸಿಕೊಂಡರಾಯಿತು, ಎಲ್ಲರೂ ಹೀಗೆಯೇ ಮಾಡುತ್ತಾರೆ ಸ್ವಾಮಿ’ ಎಂದು ಮಧ್ಯವರ್ತಿಯು ಧೈರ್ಯ ಹೇಳುತ್ತಾನೆ. ಎಲ್ಲರೂ ಮಾಡುತ್ತಾರೆಂಬ ಮಾತ್ರಕ್ಕೆ ಅಕ್ರಮವು ಸಕ್ರಮವಾಗದೆಂಬುದನ್ನು ಹೇಳುವವರು ಆ ಹೊತ್ತಿನಲ್ಲಿ ಅಲ್ಲಿರುವುದಿಲ್ಲ.

ಇನ್ನು ಈ ಕಾಗದಗಳನ್ನು ಒಂದೊಂದಾಗಿ ಪರೀಕ್ಷಿಸೋಣ. ಕ್ರಯದ ಕರಾರು ತನ್ನಷ್ಟಕ್ಕೆ ತಾನೇ ಸ್ವತ್ತಿನಲ್ಲಿ ಯಾವ ಹಿತಾಸಕ್ತಿಯನ್ನೂ ಹುಟ್ಟಿಸುವುದಿಲ್ಲವೆಂದು 1882ರ ಸ್ವತ್ತು ಹಸ್ತಾಂತರ ಅಧಿನಿಯಮದ 54ನೆಯ ಪ್ರಕರಣವೇ ಸಾರುತ್ತದೆ. ಅಧಿಕಾರಪತ್ರವು ಅದನ್ನು ಬರೆದುಕೊಟ್ಟವನ ಮರಣದೊಡನೆ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಅದು ಉಳಿಯಿತೆಂದು ವಾದಿಸಬೇಕಾದರೆ ವ್ಯಾಜ್ಯವನ್ನೇ ಹೂಡಬೇಕು. ಮರಣಶಾಸನವನ್ನು ಬರೆದವನು ತಾನು ಬದುಕಿರುವವರೆಗೆ ಎಂದು ಬೇಕಾದರೂ ರದ್ದುಮಾಡಬಲ್ಲನು. ಹೀಗಿರುವಾಗ, ಮಾರಿದವನು ಎಂಟನೆಯ ವರ್ಷದಲ್ಲಿ ತೀರಿಕೊಂಡನೆಂದೂ, ಅವನ ಮಕ್ಕಳು ಬೇರೆ ಊರುಗಳಲ್ಲಿರುವರೆಂದೂ, ನಿವೇಶನದ ಬೆಲೆ ಅಷ್ಟರಲ್ಲಿ ಹಲವು ಪಾಲು ಏರಿರುವುದೆಂದೂ ಇಟ್ಟುಕೊಳ್ಳಿ. ಪ್ರಾಧಿಕಾರದ ಕಡತದಲ್ಲಿ ಇರುವುದು ಮೃತನ ಹೆಸರು. ಕ್ರಯಪತ್ರವನ್ನು ಕೇಳತಕ್ಕ ಹಕ್ಕುಳ್ಳವರು ಅವನ ವಾರಸುದಾರರು. ತಂದೆಯ ಮಾತನ್ನು ಉಳಿಸುವ ಮಕ್ಕಳಿದ್ದರೆ ಕೊಂಡವನ ಪುಣ್ಯ. ಇಲ್ಲದಿದ್ದರೆ ಅವನು ತಾನು ಹಣ ತೆತ್ತ ಮನೆಯಲ್ಲಿಯೇ ಪರಕೀಯನಾಗುತ್ತಾನೆ.

ಸರ್ವೋಚ್ಚ ನ್ಯಾಯಾಲಯವು 2011ರ ಅಕ್ಟೋಬರ್ 11ರಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಈ ವಿಷಯದಲ್ಲಿ ಸಂಶಯಕ್ಕೆ ಎಡೆಯನ್ನೇ ಉಳಿಸಿಲ್ಲ. ಕರಾರು, ಅಧಿಕಾರಪತ್ರ, ಮರಣಶಾಸನಗಳ ಮೂಲಕ ನಡೆದ ವ್ಯವಹಾರದಿಂದ ಒಡೆತನವು ವರ್ಗಾವಣೆಯಾಗದೆಂದೂ, ಗುತ್ತಿಗೆಯ ಹಕ್ಕನ್ನಾದರೂ ನೋಂದಾಯಿತ ವರ್ಗಾವಣೆ ಪತ್ರದಿಂದಲ್ಲದೆ ಕೊಡಲು ಬಾರದೆಂದೂ ಅದು ಸ್ಪಷ್ಟಪಡಿಸಿತು. ನಮ್ಮ ರಾಜ್ಯದ ಭೂಸುಧಾರಣಾ ಕಾನೂನಿನಂತೆ ಹದಿನೈದು ವರ್ಷ ಪರಭಾರೆ ಮಾಡಬಾರದಾಗಿದ್ದ ಜಮೀನನ್ನು ಆ ಅವಧಿಯೊಳಗೇ ಕ್ರಯಕ್ಕೆ ಒಪ್ಪಿಕೊಂಡ ಮೊಕದ್ದಮೆಯೊಂದರಲ್ಲಿ, 2019ರಲ್ಲಿ ಅದೇ ನ್ಯಾಯಾಲಯವು ಉಭಯರೂ ಸಮಾನ ದೋಷಿಗಳೆಂದು ಎಣಿಸಿ, ಕೊಳ್ಳುವವನು ಬೇಡಿದ ಪರಿಹಾರವನ್ನು ನಿರಾಕರಿಸಿತು. ಅದು ಕೃಷಿಭೂಮಿಯ ಮಾತಾದರೂ ಅದರಲ್ಲಿರುವ ಎಚ್ಚರಿಕೆ ನಿವೇಶನಕ್ಕೂ ಸಲ್ಲುತ್ತದೆ: ನಿಷೇಧವನ್ನು ಮುರಿದು ಕೊಂಡವನು ನ್ಯಾಯಾಲಯದ ಕೃಪೆಯನ್ನು ನೆಚ್ಚಲಾಗದು.

ಹಾಗೆಂದು ಮಾರುವವರೆಲ್ಲರೂ ಲಾಭಕೋರರೆಂದು ಹೇಳುವುದು ಅನ್ಯಾಯವಾದೀತು. ಮನೆಯ ಯಜಮಾನನಿಗೆ ದೀರ್ಘ ವ್ಯಾಧಿ, ಮಗಳ ಮದುವೆ, ಮುಳುಗಿದ ವ್ಯಾಪಾರ ಇವೆಲ್ಲವೂ ಹತ್ತು ವರ್ಷಗಳ ಅವಧಿಯನ್ನು ನೋಡಿಕೊಂಡು ಬರುವುದಿಲ್ಲ. ದೆಹಲಿಯ ಸರ್ಕಾರಿ ಗುತ್ತಿಗೆಯ ನಿವೇಶನಗಳಲ್ಲಿ, ಅನುಮತಿ ಪಡೆದು ಏರಿದ ಬೆಲೆಯ ಶೇಕಡಾ 50ನ್ನು ಗುತ್ತಿಗೆ ಕೊಟ್ಟವರಿಗೆ ಸಲ್ಲಿಸಿ ಹಕ್ಕನ್ನು ಮಾರುವ ಮಾರ್ಗವು ಬಹುಕಾಲದಿಂದ ಇದ್ದಿತು. 1992ರ ಯೋಜನೆಯಿಂದ ಶುಲ್ಕ ತೆತ್ತು ಗುತ್ತಿಗೆಯನ್ನು ಪೂರ್ಣ ಒಡೆತನವಾಗಿ ಪರಿವರ್ತಿಸಿಕೊಳ್ಳಲೂ ಅವಕಾಶವಾಯಿತು. ನಿಜವಾದ ಸಂಕಷ್ಟದಲ್ಲಿರುವವನಿಗೆ ನಮ್ಮಲ್ಲಿಯೂ ಇಂತಹ ನೇರವಾದ ಬಾಗಿಲೊಂದು ತೆರೆದಿದ್ದರೆ, ಏರಿದ ಬೆಲೆಯ ಪಾಲೊಂದು ಸಾರ್ವಜನಿಕ ಬೊಕ್ಕಸಕ್ಕೆ ಬರುವುದಲ್ಲದೆ ಕೊಳ್ಳುವವನಿಗೂ ಭದ್ರವಾದ ಪತ್ರ ದೊರೆಯುತ್ತಿತ್ತು. ನ್ಯಾಯವಾದ ದಾರಿಯನ್ನು ಸಂಪೂರ್ಣವಾಗಿ ಮುಚ್ಚಿದ ಕಡೆಯಲ್ಲಿ ಕಳ್ಳದಾರಿಯೇ ರಾಜಮಾರ್ಗವಾಗುತ್ತದೆಂಬುದನ್ನು ಆಳುವವರು ಮರೆಯಬಾರದು.

ಅಂತಹ ಸುಧಾರಣೆ ಬರುವವರೆಗೆ ಕೊಳ್ಳುವವರು ಮಾಡತಕ್ಕದ್ದು ಇಷ್ಟು. ಮಾರುವವನ ಕೈಯಲ್ಲಿರುವುದು ಪ್ರಾಧಿಕಾರದ ನೋಂದಾಯಿತ ಕ್ರಯಪತ್ರವೋ, ಕೇವಲ ಗುತ್ತಿಗೆಯ ಕರಾರೋ ಎಂಬುದನ್ನು ಮೊದಲು ನೋಡಬೇಕು. ಕರಾರಾದರೆ ಅದರ ತಾರೀಖನ್ನು ನೋಡಿ, ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸಬೇಕು. ಋಣಭಾರ ಪತ್ರದಲ್ಲಿ ಕಾಣುವುದು ನೋಂದಾಯಿತ ದಸ್ತಾವೇಜುಗಳು ಮಾತ್ರವಾದುದರಿಂದ, ಅದು ನಿರ್ಮಲವಾಗಿದೆಯೆಂದು ಮೈಮರೆಯದೆ, ಮೂಲ ಪತ್ರಗಳನ್ನೇ ಕೇಳಬೇಕು. ಅವು ಬ್ಯಾಂಕಿನಲ್ಲಿ ಆಧಾರವಾಗಿದ್ದರೆ ಬ್ಯಾಂಕಿನಿಂದಲೇ ಲಿಖಿತ ವಿವರ ಪಡೆಯಬೇಕು. ಮೂಲ ಹಂಚಿಕೆದಾರನು ಗತಿಸಿದ್ದರೆ ವಂಶವೃಕ್ಷದಲ್ಲಿರುವ ಹೆಣ್ಣುಮಕ್ಕಳೂ ಸೇರಿ ಎಲ್ಲ ವಾರಸುದಾರರ ಸಹಿ ಅವಶ್ಯ. ಖಾತೆಯು ತೆರಿಗೆಗಾಗಿ ಇರುವ ದಾಖಲೆ, ಒಡೆತನದ ಪ್ರಮಾಣವಲ್ಲ.

ಮಾರುವವರಿಗೂ ಒಂದು ಮಾತು. ತನಗೆ ತಿಳಿದಿದ್ದು ಕೊಳ್ಳುವವನಿಗೆ ಸಾಧಾರಣ ಎಚ್ಚರಿಕೆಯಿಂದ ಕಾಣದ ಹಕ್ಕಿನ ದೋಷವನ್ನು ಮೊದಲೇ ಹೇಳತಕ್ಕದ್ದೆಂದು ಸ್ವತ್ತು ಹಸ್ತಾಂತರ ಅಧಿನಿಯಮದ 55ನೆಯ ಪ್ರಕರಣವು ವಿಧಿಸಿದೆ. ಧರ್ಮವೂ ಅದನ್ನೇ ಹೇಳುತ್ತದೆ. ಅವಧಿ ತುಂಬಿಯೂ ಕ್ರಯಪತ್ರ ಮಾಡಿಸಿಕೊಳ್ಳದೆ ಉಳಿದವರು ಮಾರುವ ಯೋಚನೆಯಿರಲಿ ಇಲ್ಲದಿರಲಿ ಕೂಡಲೇ ಆ ಕೆಲಸವನ್ನು ಮುಗಿಸಬೇಕು, ಏಕೆಂದರೆ ಇಂದು ಒಬ್ಬನ ಸಹಿಯಿಂದ ಆಗುವ ಕೆಲಸಕ್ಕೆ ನಾಳೆ ಹತ್ತು ಜನ ವಾರಸುದಾರರು ಬೇಕಾಗಬಹುದು.

ಪ್ರಾಧಿಕಾರದಲ್ಲಿ ನಮ್ಮ ವಿನಂತಿ ಇಷ್ಟೆ. ಗುತ್ತಿಗೆ ಎಂದು ಮುಗಿಯುತ್ತದೆಂಬುದು ಕರಾರಿಗೆ ಸಹಿ ಬಿದ್ದ ದಿನವೇ ಗೊತ್ತಿರುವುದರಿಂದ, ಅವಧಿ ತುಂಬುವ ಮೊದಲೇ ಹಂಚಿಕೆದಾರನಿಗೆ ತಾನಾಗಿಯೇ ತಿಳಿವಳಿಕೆ ಪತ್ರ ಕಳುಹಿಸಿ, ಷರತ್ತುಗಳು ನೆರವೇರಿದ್ದರೆ ಅಲೆದಾಡಿಸದೆ ಕ್ರಯಪತ್ರ ಕೊಡಬೇಕು. ಸಂಕಷ್ಟದಲ್ಲಿರುವವನಿಗೆ ಅನುಮತಿಯ ಮಾರ್ಗವೊಂದನ್ನು ಸರ್ಕಾರದೊಡನೆ ವಿಚಾರಮಾಡಿ ರೂಪಿಸಬೇಕು. ಅದುವರೆಗೆ ಓದುಗರು ಒಂದು ನಿಯಮವನ್ನು ಬಿಡದೆ ಪಾಲಿಸಲಿ: ಬೆಲೆ ಎಷ್ಟೇ ಅಗ್ಗವಾಗಿರಲಿ, ಮಾರುವವನು ಎಷ್ಟೇ ಸಜ್ಜನನಾಗಿರಲಿ, ಪ್ರಾಧಿಕಾರದ ಕ್ರಯಪತ್ರ ಅವನ ಹೆಸರಿಗೆ ನೋಂದಣಿಯಾಗುವವರೆಗೆ ಮುಂಗಡವೆಂದು ಒಂದು ರೂಪಾಯಿಯನ್ನೂ ಕೊಡಬೇಡಿ.