ಬುಡಕ್ಕೊಂದು ತಂಬಿಗೆ ನೀರು

ಶನಿವಾರ ನಸುಕಿನಲ್ಲಿ ಬಾಗಲಕೋಟೆಯಿಂದ ಕಲಾದಗಿ ಕಡೆಯ ರಸ್ತೆ ಹಿಡಿದರೆ ತುಳಸಿಗೇರಿಗೆ ನಡೆದು ಹೊರಟವರು ಸಿಗುತ್ತಾರೆ. ಹರಕೆ ಹೊತ್ತವರು, ಹರಕೆ ತೀರಿದವರು, ಏನೂ ಬೇಡದೆ ಸುಮ್ಮನೆ ಹನಮಪ್ಪನ ಮುಖ ನೋಡಿ ಬರುವವರು. ಈ ದೇವರು ಊರಿನ ಹೆಸರಲ್ಲೇ ತುಳಸಿಯನ್ನು ಇಟ್ಟುಕೊಂಡಿದ್ದಾನೆ. ನಮ್ಮ ಭಾಗದ ಶಾಲೆಗಳ ಹಾಜರಿ ಪುಸ್ತಕ ತೆರೆದರೆ ತುಳಸಿಗೇರೆಪ್ಪನೋ ತುಳಸಿಗಿರಿಯೋ ಸಿಕ್ಕೇ ಸಿಗುತ್ತಾನೆ. ಆದರೆ ನಡೆದು ಬರುವವರ ಕೈಯಲ್ಲಿರುವುದು ಹೆಚ್ಚಾಗಿ ಎಕ್ಕೆ ಎಲೆಯ ಹಾರ.

ಎಕ್ಕೆಯನ್ನು ಯಾರೂ ನೆಡುವುದಿಲ್ಲ, ಯಾರೂ ನೀರುಣಿಸುವುದಿಲ್ಲ. ರಸ್ತೆ ಬದಿಯ ಜಲ್ಲಿಯಲ್ಲಿ, ಬಿದ್ದ ಗೋಡೆಯ ಸಂದಿಯಲ್ಲಿ, ಬೀಳು ಬಿಟ್ಟ ಹೊಲದಲ್ಲಿ ತಾನಾಗಿ ಹುಟ್ಟುತ್ತದೆ. ಮುರಿದರೆ ಹಾಲು ಸುರಿಸುತ್ತದೆ. ದನ ಮೂಸಿ ನೋಡಿ ಮುಂದೆ ಹೋಗುತ್ತದೆ. ದನಕ್ಕೂ ಬೇಡವಾದ ಎಲೆಯನ್ನು ಪೋಣಿಸಿ ಕೊಟ್ಟರೆ ಕೊರಳಿಗೆ ಹಾಕಿಕೊಳ್ಳುವ ದೇವರು ನಮ್ಮವನು. ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಮಳೆಯೂ ಬೀಳದ ಸೀಮೆಯಲ್ಲಿ ಬಡವ ಏನು ತರಬಲ್ಲ ಎನ್ನುವುದು ಆ ದೇವರಿಗೆ ಗೊತ್ತು ಎಂದೇ ನನಗೆ ಅನ್ನಿಸುತ್ತದೆ.

ಗಿಡಮರಗಳ ಜೊತೆಗಿನ ನಂಟಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮಲೆನಾಡಿನಿಂದ ಶುರು ಮಾಡುತ್ತಾರೆ. ಅಲ್ಲಿ ಹಸಿರು ಬೇಡವೆಂದರೂ ಬೆಳೆಯುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಕಥೆ ಬೇರೆ. ಇಲ್ಲಿ ಮನೆ ಮುಂದೆ ಒಂದು ಗಿಡ ಹಸಿರಾಗಿದೆ ಎಂದರೆ ಅದರ ಹಿಂದೆ ಒಂದು ಕೈ ಇದೆ, ಆ ಕೈಯಲ್ಲಿ ಒಂದು ತಂಬಿಗೆ ಇದೆ.

ನಮ್ಮ ಮಾತನ್ನೇ ನೋಡಿ. ಈ ಕಡೆ ‘ಮರ’ ಎಂದರೆ ಜೋಳ ಕೇರುವ ಮೊರ. ಬೆಳೆದು ನಿಂತದ್ದೆಲ್ಲ ಗಿಡವೇ. ನೂರು ವರ್ಷದ ಹುಣಸೆಯೂ ಗಿಡ, ಊರಿಗೆಲ್ಲ ನೆರಳು ಕೊಡುವ ಆಲವೂ ಗಿಡ, ಮೊನ್ನೆಯ ಮಳೆಗೆ ಮೊಳೆತ ಬೇವೂ ಗಿಡ. ಎಪ್ಪತ್ತು ವರ್ಷದ ಮಗ ತಾಯಿಯ ಬಾಯಲ್ಲಿ ಇನ್ನೂ ಕೂಸಾಗಿಯೇ ಉಳಿಯುವುದಿಲ್ಲವೇ, ಹಾಗೆ. ಕೂಸು ಎಂದ ಮೇಲೆ ನೋಡಿಕೊಳ್ಳುವ ಹೊಣೆ ತಪ್ಪುವುದಿಲ್ಲ.

ನನ್ನ ಆಯಿಯ ಮನೆಯ ಅಂಗಳದಲ್ಲಿ ತುಳಸಿಕಟ್ಟೆ ಇತ್ತು. ಬೇಸಿಗೆಯಲ್ಲಿ ಸೇದುವ ಬಾವಿಯ ನೀರು ತಳ ಕಂಡಾಗ ಮನೆಯಲ್ಲಿ ನೀರಿಗೆ ಒಂದು ಲೆಕ್ಕ ಬೀಳುತ್ತಿತ್ತು. ಬಚ್ಚಲ ನೀರು ಬಾಳೆಗೆ. ಅಕ್ಕಿ, ಬೇಳೆ ತೊಳೆದ ನೀರು ಕರಿಬೇವಿಗೆ. ತುಳಸಿಗೆ ಮಾತ್ರ ಮುಸುರೆಯಾಗದ ನೀರು, ಒಂದು ತಾಮ್ರದ ತಂಬಿಗೆ. ನಮಗೆಲ್ಲ ಅಳತೆ ಮಾಡಿ ಸ್ನಾನದ ನೀರು ಕೊಡುತ್ತಿದ್ದ ಆಯಿ ಆ ತಂಬಿಗೆಯನ್ನು ಒಂದು ದಿನವೂ ಅರ್ಧ ಮಾಡಲಿಲ್ಲ. ಕೂಸಿಗೆ ಕೆಮ್ಮು ಬಂದಾಗ ಎಲೆ ಕೀಳುವ ಮೊದಲು ಕಟ್ಟೆಯ ಮುಂದೆ ನಿಂತು, “ಯವ್ವಾ ತುಳಸವ್ವ, ನಾಕ ಎಲಿ ತಗೋತೀನಿ, ಸಿಟ್ಟಾಗಬ್ಯಾಡ” ಎಂದು ಹೇಳುತ್ತಿದ್ದಳು. ಹೇಳಿ ಒಂದು ಕ್ಷಣ ಸುಮ್ಮನಿರುತ್ತಿದ್ದಳು. ಆ ಒಂದು ಕ್ಷಣ ಏಕೆ ಎಂದು ನನಗೆ ಆಗ ತಿಳಿಯುತ್ತಿರಲಿಲ್ಲ. ಗಿಡ ಉತ್ತರ ಕೊಡಲಿ ಎಂದು ಆಕೆ ಕಾಯುತ್ತಿದ್ದಳು.

ಒಮ್ಮೆ ದೀಪ ಹಚ್ಚಿದ ಮೇಲೆ ನಾನು ಆಟದ ಭರದಲ್ಲಿ ಒಂದು ಕುಡಿ ಚಿವುಟಿದೆ. ಆಯಿ ಹೊಡೆಯಲಿಲ್ಲ. ಕೈಹಿಡಿದು ಕಟ್ಟೆಯ ಬಳಿ ನಿಲ್ಲಿಸಿ, “ಮಲಗಿದವರನ್ನ ಎಬ್ಬಿಸಿದೆಪಾ. ತಪ್ಪಾತು ಅನ್ನು” ಎಂದಳು. ಅಂದೆ. ಮರುದಿನದಿಂದ ಒಂದು ವಾರ ಆ ತಂಬಿಗೆ ನೀರು ಹಾಕುವ ಪಾಳಿ ನನ್ನದಾಯಿತು. ಬೆಳಗ್ಗೆ ನೀರು ಬಿದ್ದೊಡನೆ ಒಣಮಣ್ಣು ‘ಚುಂಯ್’ ಎಂದು ಕುಡಿಯುವ ಸದ್ದು, ಅದರ ಹಿಂದೆಯೇ ಏಳುವ ವಾಸನೆ ಇವತ್ತಿಗೂ ನೆನಪಿದೆ. ಭಕ್ತಿ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಸದ್ದು.

ಈ ಸೀಮೆಯಲ್ಲಿ ಹೂವು, ದೇವರು, ಹೂ ತರುವ ಕೈ ಮೂರೂ ಕೂಡಿಯೇ ದಾಖಲಾಗಿವೆ, ಅದೂ ಕಲ್ಲಿನ ಮೇಲೆ. ಬಾದಾಮಿಯ ಮೂರನೆಯ ಗುಹೆಯನ್ನು ಚಾಲುಕ್ಯ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಲೇಶ ಮಾಡಿಸಿದ್ದು, ಕ್ರಿ.ಶ. 578ರಲ್ಲಿ. ವಿಷ್ಣುವಿನ ಆ ಗುಹೆಯ ಕಂಬಗಳ ಮೇಲೆ ಎಲೆಗೊಂಚಲ ನೆರಳಿನಲ್ಲಿ ಒರಗಿ ನಿಂತ ದಂಪತಿಗಳನ್ನು ಎಲ್ಲರೂ ತಲೆ ಎತ್ತಿ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ಹೊರಗೆ ಬಂಡೆಯ ಮೇಲಿರುವ ಪುಟ್ಟ ಕನ್ನಡ ಶಾಸನವನ್ನು ನೋಡುವವರು ಕಡಿಮೆ. ಮಂಗಲೇಶನ ‘ಕಲ್ಮನೆ’ಗೆ ಲಂಜಿಗೇಸರ ಎಂಬ ಊರನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಅದೇ ಶಾಸನ ದೇವರಿಗೆ ಹೂವಿಡುವ ಮಾಲೆಗಾರರಿಗೂ ಒಂದು ಪಾಲು ಹೇಳುತ್ತದೆ. ನಮಗೆ ಸಿಕ್ಕ ಅತಿ ಹಳೆಯ ಕನ್ನಡ ಶಾಸನಗಳ ಸಾಲಿನಲ್ಲಿ ನಿಲ್ಲುವ ಬರಹವಿದು. ಅದರಲ್ಲಿ ಯುದ್ಧದ ಮಾತಿಲ್ಲ, ಗೆದ್ದ ಊರುಗಳ ಪಟ್ಟಿಯಿಲ್ಲ. ಹೂ ಕಟ್ಟುವವನ ಹೊಟ್ಟೆಯ ಚಿಂತೆ ಇದೆ. ಕಲ್ಲಿನ ಮನೆ ಕಟ್ಟಿಸಿದರೆ ಸಾಲದು, ದಿನವೂ ಅಲ್ಲಿಗೆ ಹೂವು ಬರಬೇಕು. ಹೂವು ಬರಬೇಕಾದರೆ ತೋಟ ಬೇಕು, ತೋಟಕ್ಕೆ ಆಳು ಬೇಕು, ಆಳಿಗೆ ಅನ್ನ ಬೇಕು. ಹದಿನಾಲ್ಕು ಶತಮಾನದ ಹಿಂದೆ ಇಷ್ಟನ್ನೂ ಯೋಚಿಸಿದ್ದರು.

ಬಾದಾಮಿಯಿಂದ ಕೂಗಳತೆಯಲ್ಲಿರುವ ಬನಶಂಕರಿಯ ಹೆಸರಲ್ಲೇ ಬನ ಇದೆ. ಅವಳ ಇನ್ನೊಂದು ಹೆಸರು ಶಾಕಾಂಭರಿ. ನೂರು ವರ್ಷ ಮಳೆ ಹೋಗಿ ಜನ ಹಸಿದಾಗ ತನ್ನ ಮೈಯಿಂದಲೇ ಕಾಯಿಪಲ್ಲೆ ಹುಟ್ಟಿಸಿ ಲೋಕವನ್ನು ಸಾಕಿದವಳು ಎಂಬ ಕಥೆ ದೇವೀಮಾಹಾತ್ಮ್ಯೆಯಲ್ಲಿ ಬರುತ್ತದೆ. ಬರ ಕಂಡ ಸೀಮೆಗೆ ಇದಕ್ಕಿಂತ ಹತ್ತಿರದ ದೇವತೆ ಬೇರೆ ಯಾರು? ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು. ಅದಕ್ಕೂ ಮುನ್ನ ಪಲ್ಲೇದ ಹಬ್ಬ, 108 ಬಗೆಯ ಪಲ್ಲೆಗಳ ನೈವೇದ್ಯ. ನೂರೆಂಟನ್ನು ಹೊಂದಿಸುವುದು ಸುಮ್ಮನೆ ಮಾತಲ್ಲ. ಬದನೆ, ಹೀರೆ, ಅವರೆ ಮುಗಿದ ಮೇಲೆ ಸೊಪ್ಪುಗಳಿಗೆ ಬರಬೇಕು: ಪುಂಡಿ, ರಾಜಗಿರಿ, ಸಬ್ಬಸಿಗೆ, ಕಿರಕಸಾಲಿ, ಹಕ್ಕರಕಿ, ನುಗ್ಗೆ ತಪ್ಪಲ, ಹುಣಸೆ ಚಿಗುರು. ಅಂಗಡಿಯಲ್ಲಿ ಸಿಗದೆ ಹೊಲದ ಬದುವಿನಲ್ಲಿ ಮಾತ್ರ ಸಿಗುವ ಸೊಪ್ಪಿನ ಗುರುತು ಗೊತ್ತಿದ್ದ ಅಜ್ಜಿಯರಿಂದಲೇ ಇಂಥ ಎಣಿಕೆ ತುಂಬುತ್ತದೆ. ಆ ಗುರುತು ಮುಂದಿನ ತಲೆಗೆ ದಾಟದಿದ್ದರೆ ನೂರೆಂಟು ನೂರಾಗುತ್ತದೆ, ಐವತ್ತಾಗುತ್ತದೆ. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರು ಜೋಳದ ರೊಟ್ಟಿ, ಪಲ್ಲೆ, ಕೆಂಪು ಚಟ್ನಿ, ಕೆನೆಮೊಸರು ಬಡಿಸುತ್ತಾರಲ್ಲ, ಅವರ ಬುಟ್ಟಿಯನ್ನೂ ನಾನು ಆ ನೈವೇದ್ಯದ ಸಾಲಿಗೇ ಸೇರಿಸುತ್ತೇನೆ.

ಇನ್ನು ಎಳ್ಳಮವಾಸ್ಯೆ. ಹಿಂಗಾರಿ ಜೋಳ ಎದೆಮಟ್ಟ ನಿಂತಿರುತ್ತದೆ, ಕಡಲೆ ಕಾಯಿ ಕಟ್ಟುವ ಹೊತ್ತು. ಬಂಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ. ಸಜ್ಜೆ ರೊಟ್ಟಿ, ಕಡುಬು, ಎಣ್ಣೆಗಾಯಿ, ಪುಂಡಿ ಪಲ್ಲೆ, ಶೇಂಗಾ ಹೋಳಿಗೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ. ಆಮೇಲೆ ಮಾಡಿದ ಅಡುಗೆಯನ್ನೆಲ್ಲ ಕಲಸಿ ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ. ಭೂಮಿತಾಯಿ ಉಂಡ ಮೇಲೆ ನಮ್ಮ ಎಲೆ. ಹೊಲದ ಹಕ್ಕಿಗೆ, ಇರುವೆಗೆ, ಇಲಿಗೆ ಅವತ್ತು ಹೋಳಿಗೆ ಊಟ. ಬಾಡಿಗೆ ಕಾರಿನಲ್ಲಿ ಹೋಗಿ ಚರಗ ಚೆಲ್ಲಿ ಸಂಜೆಗೆ ಊರು ಸೇರುವವರು ಈಗ ಹೆಚ್ಚು. ಅವರನ್ನು ನಾನು ಆಡಿಕೊಳ್ಳುವುದಿಲ್ಲ. ಬೆಂಗಳೂರಿನಿಂದ, ಪುಣೆಯಿಂದ ಅದೊಂದು ದಿನಕ್ಕಾಗಿ ಬರುತ್ತಾರಲ್ಲ, ಅದು ದೊಡ್ಡದು.

ಗಿಡವನ್ನು ಮೈಮೇಲೂ ಹೊತ್ತವರು ನಮ್ಮ ಹೆಣ್ಣುಮಕ್ಕಳು. ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವಾಗ ಗೋಪುರ, ತೇರು, ಆನೆಯ ಜೊತೆ ತುಳಸಿಕಟ್ಟೆಯನ್ನೂ ಹಾಕುತ್ತಾರೆ. ಎಳೆ ಎಣಿಸಿಯೇ ಹಾಕಬೇಕು, ಒಂದು ಎಳೆ ತಪ್ಪಿದರೆ ಕಟ್ಟೆ ಸೊಟ್ಟಗಾಗುತ್ತದೆ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಒಂದಕ್ಕೆ ಮೆಂತ್ಯದ ಹೆಸರೇ ಇದೆ. ಅಂಗಳವಿಲ್ಲದ ಮನೆಗೆ ಸೊಸೆಯಾಗಿ ಹೋದವಳೂ ಒಂದು ತುಳಸಿಯನ್ನು ಸೆರಗಿನಲ್ಲಿ ಒಯ್ಯುತ್ತಿದ್ದಳು.

ಇಷ್ಟೆಲ್ಲ ಬರೆದದ್ದು ಒಂದು ಸಂಕಟವನ್ನು ಹೇಳಿಕೊಳ್ಳಲು. ಪೂಜೆ ಉಳಿದಿದೆ, ನೀರು ನಿಂತಿದೆ.

ಹೋದ ವರ್ಷ ನಮ್ಮ ಕಡೆಯ ಒಂದು ಊರಿಗೆ ಹೋಗಿದ್ದೆ. ಗುಡಿಯ ಜೀರ್ಣೋದ್ಧಾರವಾಗಿತ್ತು. ಮುಂದಿನ ಬೇವಿನ ಗಿಡಕ್ಕೆ ಹೊಸ ಕಟ್ಟೆ, ಅದಕ್ಕೆ ಮಿರಿಮಿರಿ ಕಲ್ಲುಹಾಸು. ಹಾಸು ಬೊಡ್ಡೆಯವರೆಗೂ ಬಂದಿತ್ತು, ಕೈಬೆರಳು ತೂರಿಸಲು ಸಂದಿ ಇರಲಿಲ್ಲ. ಗಿಡದ ಒಂದು ಪಕ್ಕ ಒಣಗಿತ್ತು. ಬೊಡ್ಡೆಗೆ ಅರಿಶಿನ ಕುಂಕುಮ ದಪ್ಪಗೆ ಹಚ್ಚಿದ್ದರು, ನೂಲು ಸುತ್ತಿದ್ದರು, ಒಣಗಿದ ಕೊಂಬೆಗೆ ತೊಟ್ಟಿಲು ಕಟ್ಟಿದ್ದರು. ಕಟ್ಟೆ ಕಟ್ಟಿಸಿದ ಹಿರಿಯರು ಕಣ್ಣೀರು ತುಂಬಿ, “ಎಷ್ಟ್ ಛಂದ ಕಟ್ಟಿಸಿದ್ವಿರಿ, ಯಾಕ ಒಣಗಾಕತ್ತೈತೋ ತಿಳಿವಲ್ದು” ಎಂದರು. ಅವರ ಭಕ್ತಿಯಲ್ಲಿ ಕೊರತೆ ಇರಲಿಲ್ಲ. ಬೇರು ಉಸಿರಾಡುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನೀರು ಹೀರುವ ಸಣ್ಣ ಬೇರುಗಳು ಮೇಲುಮಣ್ಣಿನಲ್ಲೇ ಹಬ್ಬಿರುತ್ತವೆ, ಕೊಂಬೆಗಳ ನೆರಳು ದಾಟಿಯೂ ಹೋಗಿರುತ್ತವೆ. ಅವುಗಳ ಮೇಲೆ ಸಿಮೆಂಟು ಬಿದ್ದರೆ ಮಳೆ ನೀರು ಚರಂಡಿಗೆ ಹರಿಯುತ್ತದೆ, ಗಾಳಿ ಒಳಗೆ ಇಳಿಯುವುದಿಲ್ಲ. ಬರಗಾಲ ಮಾಡಲಾರದ್ದನ್ನು ನಮ್ಮ ಭಕ್ತಿಯ ಸಿಮೆಂಟು ಮಾಡಿ ಮುಗಿಸುತ್ತದೆ.

ದೇವರ ಕೋಣೆಗೆ ಪ್ಲಾಸ್ಟಿಕ್ ಚೆಂಡುಹೂವಿನ ಮಾಲೆ ಬಂತು, ಬಾಗಿಲಿಗೆ ಪ್ಲಾಸ್ಟಿಕ್ ಮಾವಿನ ತೋರಣ ಬಂತು. ಬಾಡುವುದಿಲ್ಲ ಎಂಬುದೇ ಅವುಗಳ ಗುಣ. ಬಾಡದ ಹೂವಿಗೆ ಮಾಲೆಗಾರ ಬೇಡ, ತೋಟ ಬೇಡ, ಬೆಳಗ್ಗೆ ಏಳುವ ಮನುಷ್ಯನೂ ಬೇಡ. ಕಲ್ಮನೆಯ ಶಾಸನ ಉಳಿಸಲು ಹೊರಟಿದ್ದ ಇಡೀ ಸರಪಳಿ ಅಲ್ಲಿಗೆ ಕಡಿಯಿತು.

ಹಿನ್ನೀರಿನ ನಾಡಿಗೆ ಇನ್ನೊಂದು ನೋವೂ ಇದೆ. ಆಲಮಟ್ಟಿ ಅಣೆಕಟ್ಟಿಗಾಗಿ ಹಳೆ ಬಾಗಲಕೋಟೆಯ ಓಣಿಗಳು, ಎಷ್ಟೋ ಹಳ್ಳಿಗಳು ಜಾಗ ಬಿಟ್ಟು ಎದ್ದವು. ಮುಳುಗಡೆಯ ಪರಿಹಾರದ ಲೆಕ್ಕದಲ್ಲಿ ಮಾವಿಗೆ ಬೆಲೆ ಕಟ್ಟುತ್ತಾರೆ, ಹುಣಸೆಗೆ, ತೆಂಗಿಗೆ ಕಟ್ಟುತ್ತಾರೆ. ಅಂಗಳದ ತುಳಸಿಗೆ ಕಾಲಂ ಇಲ್ಲ. ಅದನ್ನು ಬೆಲೆಗೆ ಮೀರಿದ್ದೆಂದು ಬಿಟ್ಟಿದ್ದರೆ ಒಪ್ಪಬಹುದಿತ್ತು.

ಇದೇ ಹೊತ್ತಿನಲ್ಲಿ ಇನ್ನೊಬ್ಬ ತುಳಸಿ ನೆನಪಾಗುತ್ತಾಳೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ. ಹಾಲಕ್ಕಿ ಒಕ್ಕಲಿನ ಈ ಅಜ್ಜಿ ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರಕ್ಕೆ ದಿನಗೂಲಿಯಾಗಿ ಸೇರಿದವಳು, ಓದು ಬರಹ ಕಲಿತವಳಲ್ಲ. ಯಾವ ತಾಯಿಮರದ ಬೀಜ ಆರಿಸಬೇಕು, ಯಾವ ವಾರ ಆರಿಸಬೇಕು, ಹೇಗೆ ಮೊಳೆಸಬೇಕು ಎಂಬುದು ಅವಳ ಕೈಗೆ ಗೊತ್ತಿತ್ತು. 2021ರ ನವೆಂಬರ್‌ನಲ್ಲಿ ಬರಿಗಾಲಲ್ಲಿ ನಡೆದು ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದಳು, 2024ರ ಡಿಸೆಂಬರ್ 16ರಂದು ತೀರಿಕೊಂಡಳು. ಅವಳು ಗಿಡಗಳಿಗೆ ಕೈ ಮುಗಿದದ್ದಕ್ಕಿಂತ ಅವುಗಳ ಬುಡದ ಮಣ್ಣು ಸಡಿಲಿಸಿದ್ದೇ ಹೆಚ್ಚು. ನನ್ನ ಆಯಿ ಅವಳನ್ನು ಕಂಡಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಎಲೆಅಡಿಕೆ ಕೊಟ್ಟಿರುತ್ತಿದ್ದಳು.

ತೋಟಗಾರಿಕೆಗೆಂದೇ ಒಂದು ವಿಶ್ವವಿದ್ಯಾಲಯ ನಮ್ಮ ಬಾಗಲಕೋಟೆಯಲ್ಲಿ 2008ರಿಂದ ಇದೆ, ಅದರ ಆವರಣದ ಹೆಸರು ಉದ್ಯಾನಗಿರಿ. ಗಿಡದ ಬುಡದ ಬಗ್ಗೆ ಕೇಳಲು ನಾವು ದೂರ ಹೋಗಬೇಕಾಗಿಲ್ಲ. ಗುಡಿಯ ಕಮಿಟಿಯವರು ಕಲ್ಲುಹಾಸಿನವನನ್ನು ಕರೆಯುವ ಮೊದಲು ಗಿಡದ ಬಗ್ಗೆ ಬಲ್ಲವರೊಬ್ಬರನ್ನು ಕರೆದರೆ ಸಾಕು.

ಬನದ ಹುಣ್ಣಿಮೆ ಮುಗಿದರೆ ಬಿಸಿಲು ಏರತೊಡಗುತ್ತದೆ. ಓದುಗರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಊರ ಗುಡಿಯ ಮುಂದೆ, ಶಾಲೆಯ ಅಂಗಳದಲ್ಲಿ, ಬಸ್ ನಿಲ್ದಾಣದ ಬದಿಗೆ ಬೊಡ್ಡೆಯವರೆಗೆ ಸಿಮೆಂಟು ಹಾಕಿಸಿಕೊಂಡು ನಿಂತ ಗಿಡವೊಂದು ಇದ್ದೇ ಇರುತ್ತದೆ. ನಾಲ್ಕು ಜನ ಹಿರಿಯರನ್ನು ಕೂಡಿಸಿ, ಕಟ್ಟೆ ಇರಲಿ ಎಂದೇ ಹೇಳಿ, ಬೊಡ್ಡೆಯ ಸುತ್ತ ಎರಡು ಮೊಳ ಮಣ್ಣು ಬಿಡಿಸಿ. ಬೇರಿಗೆ ಪೆಟ್ಟು ಬೀಳದ ಹಾಗೆ ಕೈಯಿಂದಲೇ ಒಡೆಸಿ. ಯುಗಾದಿಯ ಒಳಗೆ ಆಗಲಿ. ಆಮೇಲೆ ದಿನಕ್ಕೊಬ್ಬರಂತೆ ಒಂದು ಕೊಡ ನೀರು ಹಾಕಿ.